ಗೊಂಬೆ ವ್ಯಾಪಾರಕ್ಕೆ ಮುಂದಿನ ವರ್ಷದ ಲೆಕ್ಕ: ಹೋದ ವರ್ಷ ನೋಡಿ ಹಾಕೋದಾ, ಆರ್ಡರ್ ನೋಡಿ ಹಾಕೋದಾ, ಕೈ ನೋಡಿ ಹಾಕೋದಾ?

ಚನ್ನಪಟ್ಟಣದ ಕಡೆ ಎರಡು ಮೂರು ಲೇತ್ (ಮರ ತಿರುಗಿಸಿ ಕಡೆಯೋ ಯಂತ್ರ) ಇಟ್ಕೊಂಡು ಗೊಂಬೆ ಮಾಡೋ ಮನೆಗಳಲ್ಲಿ ಲೆಕ್ಕಾನೇ ಇಡಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಲೆಕ್ಕ ಇದೆ, ಆದ್ರೆ ಎಲ್ಲಾ ಹಿಂದಿಂದು. ಯಾವ ಅಂಗಡಿಯವ್ರು ಎಷ್ಟು ಬಾಕಿ, ಯಾರಿಗೆ ಎಷ್ಟು ಡಜನ್ ಹೋಯ್ತು, ಅರಗು ಯಾವ ರೇಟಿಗೆ ತಂದಿದ್ದು, ಇದೆಲ್ಲ ಪುಸ್ತಕ ತೆಗೀದೇ ಬಾಯಲ್ಲೇ ಹೇಳ್ತಾರೆ. ಇಲ್ಲದೇ ಇರೋದು ಮುಂದಿನ ಲೆಕ್ಕ. ಆಗಸ್ಟ್ ಕೊನೇಲಿ ಮಜೂರಿ ಬಟವಾಡೆಗೆ ಕೈಯಲ್ಲಿ ದುಡ್ಡು ಇರುತ್ತಾ ಇಲ್ವಾ ಅಂತ ಜೂನಲ್ಲೇ ಗೊತ್ತಾಗ್ಬೇಕಲ್ಲ, ಆ ಲೆಕ್ಕ.

ಇದನ್ನ ಹಾಕೋಕೆ ಮೂರು ದಾರಿ ಇದೆ. ಹೋದ ವರ್ಷದ ಮಾರಾಟ ನೋಡಿ ಅಂದಾಜು ಮಾಡೋದು ಒಂದು, ಕೈಯಲ್ಲಿರೋ ಆರ್ಡರ್ ನೋಡಿ ಹಾಕೋದು ಇನ್ನೊಂದು, ನಮ್ಮ ಹತ್ರ ಇರೋ ಕೆಲಸದ ಕೈ ಮತ್ತೆ ಮರ ಎಷ್ಟು ಗೊಂಬೆ ಕೊಡುತ್ತೆ ಅಂತ ಕೆಳಗಿಂದ ಮೇಲೆ ಕಟ್ಟೋದು ಮೂರನೇದು. ಯಾವುದು ಬೆಸ್ಟ್ ಅಂತ ಕೇಳಿದ್ರೆ, ನಿಮ್ಮ ದುಡ್ಡು ಯಾವ ಬಾಗಿಲಿಂದ ಒಳಗೆ ಬರುತ್ತೆ ಅನ್ನೋದರ ಮೇಲೆ ಅದು ನಿಂತಿದೆ. ಮತ್ತೆ ಯಾವ ದಾರಿ ಹಿಡಿದ್ರೂ ಕೊನೇಗೆ "ಎಷ್ಟು ಮಾರಾಟ" ಅನ್ನೋ ಅಂಕಿಗಿಂತ "ಯಾವ ತಾರೀಖಿಗೆ ಕೈಗೆ ಬರುತ್ತೆ" ಅನ್ನೋದೇ ಮನೆ ನಡೆಸೋದು, ನಾನು ಈ ಬರಹದಲ್ಲಿ ಹೇಳೋದೆಲ್ಲ ಇದರ ಸುತ್ತಾನೇ ಸುತ್ತುತ್ತೆ. ಮರದ ಗೊಂಬೆ ಉದಾಹರಣೆ ತಗೊಂಡಿದ್ದೀನಿ, ಬಟ್ಟೆ ಗೊಂಬೆ ಹೊಲಿಯೋರು, ಕ್ರೋಶೆ ಗೊಂಬೆ ಮಾಡೋರು ಮರ ಇರೋ ಕಡೆ ಬಟ್ಟೆ ಉಲ್ಲನ್ ಅಂತ ಓದ್ಕೊಂಡ್ರೆ ಸಾಕು.

ಮೊದ್ಲು ಹೋದ ವರ್ಷ ನೋಡಿ ಹಾಕೋ ದಾರಿ

ಎಲ್ಲರೂ ಮಾಡೋದು ಇದೇ. ಹೋದ ಸೆಪ್ಟೆಂಬರಲ್ಲಿ ಇಷ್ಟು ಮಾರಿದ್ವಿ, ಈ ಸೆಪ್ಟೆಂಬರಿಗೆ ಹತ್ತು ಪರ್ಸೆಂಟ್ ಜಾಸ್ತಿ ಅಂತ ಹಾಕ್ಕೊಂಡು ಸುಮ್ಮನಾಗೋದು. ಸುಲಭ, ಐದು ನಿಮಿಷದ ಕೆಲಸ, ಮತ್ತೆ ಅಂಗಡಿ ಇಟ್ಕೊಂಡು ಚಿಲ್ಲರೆ ಮಾರೋರಿಗೆ ಇದು ಬಿಟ್ರೆ ಬೇರೆ ದಾರೀನೂ ಅಷ್ಟಾಗಿ ಇಲ್ಲ, ಯಾಕಂದ್ರೆ ದಾರೀಲಿ ಹೋಗೋ ಗಿರಾಕಿ ಮುಂಚೆ ಫೋನ್ ಮಾಡಿ ಬರ್ತೀನಿ ಅಂತ ಹೇಳಲ್ಲ.

ತೊಂದ್ರೆ ಎಲ್ಲಿ ಅಂದ್ರೆ ನಮ್ಮ ಮಾರಾಟ ನಡೆಯೋದು ಇಂಗ್ಲಿಷ್ ತಿಂಗಳ ಮೇಲಲ್ಲ, ಪಂಚಾಂಗದ ಮೇಲೆ. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 2ಕ್ಕೆ, 2026ರಲ್ಲಿ ಅಧಿಕ ಜ್ಯೇಷ್ಠ ಬೀಳೋದ್ರಿಂದ ಅಕ್ಟೋಬರ್ 20ಕ್ಕೆ ಹೋಗುತ್ತೆ. ಗೊಂಬೆ ಕೂರಿಸೋ ಮನೆಯವ್ರು ಪಾಡ್ಯಕ್ಕೆ ಒಂದೆರಡು ವಾರ ಮುಂಚೆ ಕೊಳ್ಳೋದು, ಅಂಗಡಿಯವ್ರು ಅದಕ್ಕೂ ತಿಂಗಳು ಮುಂಚೆ ಸ್ಟಾಕ್ ಕೇಳೋದು. ಹಾಗಾಗಿ 2025ರ ಆಗಸ್ಟ್ ಲೆಕ್ಕಾನ 2026ರ ಆಗಸ್ಟಿಗೆ ಅಂಟಿಸಿದ್ರೆ ದುಡ್ಡು ಬರೋಕೆ ಎರಡೂವರೆ ವಾರ ಮುಂಚೇನೇ ನೀವು ಅದನ್ನ ಖರ್ಚು ಮಾಡಿರ್ತೀರ. ಅಧಿಕ ಮಾಸದ್ದು ಇನ್ನೊಂದು ಹೊಡೆತ ಇದೆ. ಮದುವೆ ರಿಟರ್ನ್ ಗಿಫ್ಟ್ ಅಂತ ಕುಂಕುಮದ ಭರಣಿ, ಚಿಕ್ಕ ಚಿಕ್ಕ ಬುಗುರಿ ಡಜನ್ ಗಟ್ಟಲೆ ಹೋಗುತ್ತಲ್ಲ, ಆ ತಿಂಗಳು ಮದುವೇನೇ ಇಲ್ಲ, 2026ರಲ್ಲಿ ಅದು ಮೇ 17ರಿಂದ ಜೂನ್ 15ರವರೆಗೆ, ಅಂದ್ರೆ ಬೇರೆ ವರ್ಷಗಳಲ್ಲಿ ಮುಹೂರ್ತ ತುಂಬಿ ತುಳುಕೋ ಟೈಮು. ಗೂಗಲ್ ಶೀಟಲ್ಲಿ ಫೋರ್‌ಕಾಸ್ಟ್ ಅನ್ನೋ ಫಾರ್ಮುಲಾ ಇದೆ ಅಂತ ಖುಷಿಯಾಗಿ ಹಾಕಿಬಿಡ್ತಾರೆ ಕೆಲವರು, ಅದು ಹಳೇ ಅಂಕಿಗಳ ಮಧ್ಯೆ ಒಂದು ನೇರ ಗೆರೆ ಎಳೆದು ಮುಂದಕ್ಕೆ ಚಾಚುತ್ತೆ ಅಷ್ಟೇ, ದಸರಾ ಯಾವಾಗ ಅಂತ ಅದಕ್ಕೇನು ಗೊತ್ತು.

ಪರಿಹಾರ ದೊಡ್ಡದೇನಲ್ಲ. ತಿಂಗಳಿಗೆ ತಿಂಗಳು ಹೋಲಿಸೋ ಬದಲು ಹಬ್ಬಕ್ಕೆ ಎಷ್ಟು ವಾರ ಮುಂಚೆ ಅಂತ ಹೋಲಿಸಿ. ಹೋದ ವರ್ಷ ನವರಾತ್ರಿಗೆ ಆರು ವಾರ ಮುಂಚೆ ಎಷ್ಟು, ನಾಲ್ಕು ವಾರ ಮುಂಚೆ ಎಷ್ಟು, ಹಬ್ಬದ ವಾರ ಎಷ್ಟು, ಹಂಗೆ ಬರ್ಕೊಂಡು ಅದನ್ನ ಈ ವರ್ಷದ ತಾರೀಖಿಗೆ ಜರುಗಿಸಿ. ದೀಪಾವಳಿ, ಕ್ರಿಸ್‌ಮಸ್, ಬೇಸಿಗೆ ರಜ, ಇವಕ್ಕೂ ಅದೇ. ಕ್ರಿಸ್‌ಮಸ್ ಒಂದು ಜರುಗಲ್ಲ, ಅದೊಂದು ಪುಣ್ಯ.

ಇನ್ನೊಂದು ಕಾಯಿಲೆ ಇದೆ ಈ ದಾರಿಗೆ: ಹೋದ ವರ್ಷದ ಅಂಕಿ ಸರಿಯಾದ ಅಂಕೀನಾ ಅಂತ ನೋಡ್ಬೇಕು. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಲ್ಲಿ ಉದ್ಘಾಟನೆ ಆಯ್ತು, ಕಾರುಗಳೆಲ್ಲ ಬೈಪಾಸ್ ಮೇಲೆ ಹಾರಿ ಹೋಗೋಕೆ ಶುರುವಾಯ್ತು, ಹಳೇ ರೋಡಲ್ಲಿ ಸಾಲಾಗಿದ್ದ ಗೊಂಬೆ ಅಂಗಡಿಗಳಿಗೆ ದಾರಿಹೋಕ ಗಿರಾಕಿ ಕಮ್ಮಿಯಾದ್ರು. ಅಲ್ಲಿ 2022ರ ಅಂಕಿ ಮೇಲೆ 2023 ಹಾಕಿದ್ದೋರ ಲೆಕ್ಕ ಏನಾಗಿರುತ್ತೆ ಯೋಚ್ನೆ ಮಾಡಿ. ಹಂಗೇ 2025ರ ಸೆಪ್ಟೆಂಬರ್. ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದದ್ದು ಆ ತಿಂಗಳ 22ಕ್ಕೆ, ಸರಿಯಾಗಿ ನವರಾತ್ರಿ ಪಾಡ್ಯದ ದಿನ. ರೇಟ್ ಇಳಿಯುತ್ತೆ ಅಂತ ಮುಂಚೇನೇ ಗೊತ್ತಾದ್ರೆ ಅಂಗಡಿಯವ್ರು ಮಾಲು ಎತ್ತೋದನ್ನ ಮುಂದಕ್ಕೆ ಹಾಕೋದು ಸಹಜ ತಾನೆ. ಆ ತಿಂಗಳ ಅಂಕಿ ನಿಮ್ಮ ಪುಸ್ತಕದಲ್ಲಿ ವಿಚಿತ್ರವಾಗಿ ಕಂಡ್ರೆ ಅದನ್ನ ಹಂಗೇ ಬುನಾದಿಗೆ ಹಾಕ್ಬೇಡಿ, ಹಿಂದಿನ ವರ್ಷದ್ದೂ ಸೇರಿಸಿ ಸರಾಸರಿ ಹಿಡೀರಿ.

ಒಟ್ನಲ್ಲಿ ಎರಡು ವರ್ಷದ್ದಾದ್ರೂ ಮಾರಾಟ ವಾರವಾರ ಬರೆದಿಟ್ಟಿರೋರಿಗೆ, ಅಂಗಡಿ ಬಾಗಿಲಲ್ಲೇ ದುಡ್ಡು ಸಿಗೋರಿಗೆ ಈ ದಾರಿ ಸರಿ. ಹೋದ ವರ್ಷ ಶುರು ಮಾಡಿದೋರು ಇದನ್ನ ಮುಟ್ಟೋದು ಬೇಡ.

ಆರ್ಡರ್ ನೋಡಿ ಹಾಕೋದು

ಹೋಲ್‌ಸೇಲ್ ಕೊಡೋರು, ಸ್ಕೂಲಿಗೆ, ಕಾರ್ಪೊರೇಟ್ ಗಿಫ್ಟಿಗೆ, ಎಕ್ಸ್‌ಪೋರ್ಟ್ ಮಾಡೋರಿಗೆ ಮಾಡ್ಕೊಡೋರು ಇದನ್ನ ಹಿಡೀಬೇಕು. ಇಲ್ಲಿ ಮಾರಾಟ ಊಹೆ ಅಲ್ಲ, ಕಾಗದದ ಮೇಲೆ ಇರುತ್ತೆ. ಆದ್ರೆ ಎಲ್ಲಾ ಆರ್ಡರೂ ಆರ್ಡರ್ ಅಲ್ಲ. "ದಸರಾಕ್ಕೆ ಒಂದು ಸಾವಿರ ಪೀಸ್ ಬೇಕಾಗುತ್ತೆ ಸಾರ್, ನೋಡಣ" ಅಂತ ಫೋನಲ್ಲಿ ಅಂದಿದ್ದೂ ಆರ್ಡರೇ ಅಂತ ಬರ್ಕೊಂಡ್ರೆ ಶೀಟ್ ಚೆನ್ನಾಗಿ ಕಾಣುತ್ತೆ, ಜೇಬಲ್ಲಿ ಏನೂ ಕಾಣಲ್ಲ. ನನ್ನ ಪದ್ಧತಿ ಹೀಗೆ: ಅಡ್ವಾನ್ಸ್ ಬಂದಿದ್ರೆ ಪೂರ್ತಿ ಹಿಡಿಯೋದು, ಅಡ್ವಾನ್ಸ್ ಇಲ್ಲದ ಪರ್ಚೇಸ್ ಆರ್ಡರ್ (ಬರೆದು ಕೊಟ್ಟ ಆರ್ಡರ್) ಆದ್ರೆ ಮುಕ್ಕಾಲು, ಹಳೇ ಗಿರಾಕಿ ಬಾಯಿಮಾತು ಆದ್ರೆ ಅರ್ಧ, ಹೊಸಬರ ಬಾಯಿಮಾತು ಆದ್ರೆ ಸೊನ್ನೆ. ಸೊನ್ನೆ ಅಂದ್ರೆ ಬೇಜಾರು ಮಾಡ್ಕೋಬೇಡಿ, ಬಂದ್ರೆ ಬರಲಿ, ಅದನ್ನ ನಂಬ್ಕೊಂಡು ಮರ ತರ್ಬಾರ್ದು ಅಷ್ಟೇ.

ಈಗ ಒಂದು ಆರ್ಡರ್ ತಗೊಂಡು ಪೂರ್ತಿ ಬಿಚ್ಚಿ ನೋಡೋಣ. ಅಂಕಿ ಎಲ್ಲಾ ಉದಾಹರಣೆಗೆ ಅಂತ ನಾನು ಇಟ್ಟಿರೋದು, ನಿಮ್ಮ ರೇಟು ನೀವು ಹಾಕ್ಕೊಳ್ಳಿ. ಮಕ್ಕಳು ಕಂಬಕ್ಕೆ ಬಣ್ಣಬಣ್ಣದ ಬಳೆ ಪೋಣಿಸೋ ಗೊಂಬೆ ಇದೆಯಲ್ಲ, ರಿಂಗ್ ಸೆಟ್ಟು, ಅದು. ಒಂದು ಸೆಟ್ಟಿಗೆ ಮರ 38 ರೂಪಾಯಿ, ಅರಗು ಬಣ್ಣ 14, ಮಜೂರಿ 60, ಕರೆಂಟು ಉಪ್ಪಿನ ಕಾಗದ 8, ಬಾಕ್ಸು 20, ಸೀಳಿದ್ದು ಬಣ್ಣ ಕೂರದೇ ಇದ್ದದ್ದು ಅಂತ ರಿಜೆಕ್ಟಿಗೆ 10. ಒಟ್ಟು 150. ಇದರ ಮೇಲೆ ಶೆಡ್ ಬಾಡಿಗೆ, ಫೋನು, ಲೇತ್ ರಿಪೇರಿ, ನಿಮ್ಮ ಮನೆ ಖರ್ಚಿಗೆ ತಗೊಳ್ಳೋದು ಸೇರಿ ತಿಂಗಳಿಗೆ 24,000 ಅಂತಿಟ್ಕೊಳ್ಳಿ, ತಿಂಗಳಿಗೆ 800 ಸೆಟ್ ಆಗುತ್ತೆ ಅಂದ್ರೆ ಸೆಟ್ಟಿಗೆ 30. ಅಸಲು 180. ಹೋಲ್‌ಸೇಲ್ ರೇಟು ಜಿಎಸ್‌ಟಿ ಬಿಟ್ಟು 230. ಸೆಟ್ಟಿಗೆ 50 ರೂಪಾಯಿ ಲಾಭ, ಸಾವಿರ ಸೆಟ್ಟಿಗೆ 50,000. ಕಾಗದದ ಮೇಲೆ ಬಹಳ ಚೆನ್ನಾಗಿದೆ.

ಅದೇ ಆರ್ಡರನ್ನ ಈಗ ತಾರೀಖಿನ ಮೇಲೆ ಹರವಿ. ಆಲೆ ಮರ ಹಸಿ ಇದ್ದಾಗ ಲೇತಿಗೆ ಹಾಕಿದ್ರೆ ಆಮೇಲೆ ಬಿರುಕು ಬಿಡುತ್ತೆ, ಒಣಗೋಕೆ ಟೈಮ್ ಕೊಡ್ಲೇಬೇಕು, ಮಳೆಗಾಲ ಆದ್ರೆ ಇನ್ನೂ ಜಾಸ್ತಿ, ಅದಕ್ಕೆ ಮರದ ದುಡ್ಡು ಎಲ್ಲಕ್ಕಿಂತ ಮೊದ್ಲು ಹೋಗುತ್ತೆ. ಜೂನಲ್ಲಿ ಮರಕ್ಕೆ 38,000. ಜುಲೈಲಿ ಅರಗು ಬಣ್ಣ 14,000, ಅರ್ಧ ಮಜೂರಿ 30,000. ಆಗಸ್ಟಲ್ಲಿ ಉಳಿದ ಮಜೂರಿ 30,000, ಬಾಕ್ಸು ಕರೆಂಟು ಇತ್ಯಾದಿ 38,000. ಸೆಪ್ಟೆಂಬರ್ ಮಧ್ಯ ಮಾಲು ಕಳ್ಸಿದ್ರಿ, ಅಂಗಡಿಯವ್ರು 60 ದಿನ ಅಂದಿದ್ದಾರೆ, ದುಡ್ಡು ನವೆಂಬರ್ ಮಧ್ಯ. ಒಂದು ರೂಪಾಯಿ ಒಳಗೆ ಬರೋ ಮುಂಚೆ 1,50,000 ಹೊರಗೆ ಹೋಗಿದೆ, ತಿಂಗಳ 24,000 ಬೇರೆ ಅದರ ಪಾಡಿಗೆ ಅದು ಹೋಗ್ತಾನೇ ಇದೆ. 50,000 ಲಾಭದ ಆರ್ಡರೇ ಆಗಸ್ಟ್ ಬಟವಾಡೆಗೆ ಸಾಲ ಮಾಡಿಸೋದು ಹೀಗೆ.

ಈಗ ಅದೇ ಆರ್ಡರಿಗೆ 30 ಪರ್ಸೆಂಟ್ ಅಡ್ವಾನ್ಸ್ ಕೇಳಿ ತಗೊಂಡ್ರಿ ಅನ್ಕೊಳ್ಳಿ, ಅಂದ್ರೆ 69,000, ಜೂನಲ್ಲಿ. ಜೂನ್ ಕೊನೆಗೆ ಕೈಯಲ್ಲಿ 31,000 ಇರುತ್ತೆ, ಜುಲೈ ಕೊನೆಗೆ 13,000 ಕೊರತೆ, ಆಗಸ್ಟ್ ಕೊನೆಗೆ 81,000 ಕೊರತೆ. ಲಾಭ ಒಂದು ರೂಪಾಯೀನೂ ಜಾಸ್ತಿ ಆಗ್ಲಿಲ್ಲ, ಕೊರತೆಯ ಹಳ್ಳ ಮಾತ್ರ ಅರ್ಧಕ್ಕೆ ಹತ್ರ ಇಳೀತು. ರೇಟಲ್ಲಿ ಐದು ರೂಪಾಯಿ ಜಾಸ್ತಿ ಕೇಳೋದಾ ಅಡ್ವಾನ್ಸ್ ಕೇಳೋದಾ ಅಂತ ಆಯ್ಕೆ ಬಂದ್ರೆ ಚಿಕ್ಕ ಯೂನಿಟ್ಟಿನವ್ರು ಅಡ್ವಾನ್ಸ್ ಕೇಳ್ಬೇಕು ಅಂತ ನಾನು ಹೇಳೋದು ಇದಕ್ಕೇ, ಐದು ರೂಪಾಯಿಯಿಂದ ಸಾವಿರ ಸೆಟ್ಟಿಗೆ ಬರೋದು 5,000, ಅದೂ ನವೆಂಬರಲ್ಲಿ.

ಬಾಕಿ ವಿಷಯ ಬಂತಲ್ಲ, ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ) ಮಾಡಿಸ್ಕೊಳ್ಳಿ, ಫ್ರೀ, ಆಧಾರ್ ಇದ್ರೆ ಆನ್‌ಲೈನಲ್ಲೇ ಆಗುತ್ತೆ. 2006ರ ಸಣ್ಣ ಉದ್ಯಮಗಳ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕೊಂಡೋರು ಲಿಖಿತ ಒಪ್ಪಂದ ಇದ್ರೂ 45 ದಿನದೊಳಗೆ, ಒಪ್ಪಂದ ಇಲ್ಲ ಅಂದ್ರೆ 15 ದಿನದೊಳಗೆ ದುಡ್ಡು ಕೊಡ್ಬೇಕು. 2024ರ ಏಪ್ರಿಲ್‌ನಿಂದ ಇದಕ್ಕೆ ಇನ್ಕಮ್ ಟ್ಯಾಕ್ಸ್ ಕಡೆಯಿಂದಾನೂ ಹಲ್ಲು ಬಂದಿದೆ, ಆ ಗಡುವು ಮೀರಿದ್ರೆ ದುಡ್ಡು ನಿಜವಾಗಿ ಕೊಟ್ಟ ವರ್ಷದವರೆಗೂ ಅವ್ರು ಅದನ್ನ ಖರ್ಚು ಅಂತ ತೋರ್ಸೋಕಾಗಲ್ಲ. ಅದಕ್ಕೇ ದೊಡ್ಡ ಕಂಪನಿಗಳ ಅಕೌಂಟ್ಸ್ ಡಿಪಾರ್ಟ್‌ಮೆಂಟ್ ಮಾರ್ಚ್ ಬಂತು ಅಂದ್ರೆ ತಾವೇ ಫೋನ್ ಮಾಡಿ ಉದ್ಯಮ್ ನಂಬರ್ ಕೇಳ್ತಾರೆ. ಬಿಲ್ ಮೇಲೆ ಆ ನಂಬರ್ ಪ್ರಿಂಟ್ ಹಾಕ್ಸಿ. ಚಿಕ್ಕ ಅಂಗಡಿಯವ್ರ ಹತ್ರ ಕಾನೂನು ಮಾತಾಡಿದ್ರೆ ಮುಂದಿನ ಸಲ ಪಕ್ಕದ ಯೂನಿಟ್ಟಿಗೆ ಆರ್ಡರ್ ಹೋಗುತ್ತೆ, ಅದೂ ನಿಜ, ಅದಕ್ಕೇ ಲೆಕ್ಕ ಹಾಕುವಾಗ ಕಾನೂನಿನ ದಿನ ಹಾಕ್ಬೇಡಿ, ಆ ಅಂಗಡಿಯವ್ರು ಹೋದ ಸಲ ನಿಜವಾಗಿ ಎಷ್ಟು ದಿನ ತಗೊಂಡ್ರು ಅದನ್ನ ಹಾಕಿ.

ಕೈ ನೋಡಿ ಕಟ್ಟೋದು

ಹೊಸಬರಿಗೆ ನಾನು ಹೇಳೋದು ಈ ದಾರಿ. ಹಿಂದಿನ ಅಂಕಿ ಬೇಡ, ಆರ್ಡರ್ ಬೇಡ. ಮೂರು ಜನ ಲೇತಲ್ಲಿ, ತಲಾ ದಿನಕ್ಕೆ 12 ಸೆಟ್ಟು, ತಿಂಗಳಿಗೆ 24 ದಿನ, 864 ಆಗುತ್ತೆ. ಅದರಲ್ಲಿ ಕರೆಂಟ್ ಹೋಗಿದ್ದು, ಊರ ಜಾತ್ರೆ, ಉಳಿ ಸಾಣೆ ಹಿಡಿಸೋಕೆ ಹೋಗಿದ್ದು, ರಂಜಾನ್, ಗೌರಿ ಹಬ್ಬ ಎಲ್ಲಾ ಕಳೆದು 800 ಹಿಡೀರಿ. ಅದಕ್ಕಿಂತ ಜಾಸ್ತಿ ನಿಮಗೆ ಮಾರೋಕೇ ಆಗಲ್ಲ, ಮಾಲೇ ಇರಲ್ಲ. ಇದು ಚಾವಣಿ. ಮೇಲಿನ ಎರಡು ದಾರೀಲಿ ಬಂದ ಅಂಕಿ ಈ ಚಾವಣಿ ದಾಟಿದ್ರೆ ಆ ಅಂಕಿ ಸುಳ್ಳು, ಇಲ್ಲಾ ಇನ್ನೊಂದು ಕೈ ಸೇರಿಸ್ಬೇಕು, ಆ ಕೈಗೆ ಕಲಿಸೋಕೆ ತಿಂಗಳುಗಳು ಬೇಕು, ಆ ತಿಂಗಳುಗಳ ಮಜೂರೀನೂ ಲೆಕ್ಕಕ್ಕೆ ಬರ್ಬೇಕು. ಫ್ಯಾಕ್ಟರಿ ಆಟಿಕೆ ಮಾರೋರಿಗೆ ಈ ಚಿಂತೆ ಇಲ್ಲ, ಶಿಫ್ಟ್ ಜಾಸ್ತಿ ಮಾಡ್ತಾರೆ. ನಮ್ಮಲ್ಲಿ ಅರಗು ಹಚ್ಚೋ ಕೈ ಬಾಡಿಗೆಗೆ ಸಿಗಲ್ಲ.

ಈ ದಾರಿಯ ದೋಷಾನೂ ಹೇಳ್ಬೇಕಲ್ಲ. ಮಾಡಿದ್ದೆಲ್ಲ ಮಾರಾಟ ಆಗುತ್ತೆ ಅಂತ ಇದು ಒಳಗೊಳಗೇ ನಂಬಿಸುತ್ತೆ. ಅದಕ್ಕೆ ಮೂರು ಕಾಲಂ ಹಾಕಿ: ಪೂರ್ತಿ ಮಾರಿದ್ರೆ, ಮುಕ್ಕಾಲು ಮಾರಿದ್ರೆ, ಅರ್ಧ ಮಾರಿದ್ರೆ. 800ರಲ್ಲಿ 400 ಮಾತ್ರ 230ಕ್ಕೆ ಹೋದ್ರೆ ಬರೋದು 92,000. ಆ 800 ಮಾಡೋಕೆ ಹೋಗಿದ್ದು 1,20,000, ಜೊತೆಗೆ ತಿಂಗಳ ಖರ್ಚು 24,000. ಅರ್ಧ ಕಾಲಮ್ಮಲ್ಲಿ 52,000 ಕೊರತೆ ಬಿತ್ತು, ಎದುರಿಗೆ 400 ಸೆಟ್ ಗೊಂಬೆ ರ್‍ಯಾಕಲ್ಲಿ ಕೂತಿದೆ. ಅದನ್ನ ಎಷ್ಟು ತಿಂಗಳು ತಡ್ಕೊಳ್ಳೋ ಶಕ್ತಿ ಇದೆ ಅಂತ ನಿಮ್ಮ ಬ್ಯಾಂಕ್ ಪಾಸ್‌ಬುಕ್ ನೋಡಿದ್ರೆ ಮೊದಲ ತಿಂಗಳು 800 ಮಾಡ್ಬೇಕಾ 300 ಮಾಡ್ಬೇಕಾ ಅನ್ನೋದು ತಾನಾಗೇ ತೀರ್ಮಾನ ಆಗುತ್ತೆ.

ಎಲ್ಲಿ ಮಾರೋದು ಅನ್ನೋದೂ ಲೆಕ್ಕಾನೇ

ಅದೇ ರಿಂಗ್ ಸೆಟ್ಟನ್ನ ಮೂರು ಕಡೆ ಮಾರಿ ನೋಡೋಣ. ಹೋಲ್‌ಸೇಲಲ್ಲಿ 230 ಆಯ್ತು. ಆನ್‌ಲೈನಲ್ಲಿ 399ಕ್ಕೆ ಹಾಕಿದ್ರಿ, ಒಳಗಿರೋ 5 ಪರ್ಸೆಂಟ್ ಜಿಎಸ್‌ಟಿ ತೆಗೆದ್ರೆ 380. ಕಮಿಷನ್, ಶಿಪ್ಪಿಂಗ್, ಕ್ಲೋಸಿಂಗ್ ಫೀ ಅದೂ ಇದೂ ಸೇರಿ 130, ವಾಪಸ್ ಬಂದ ಮಾಲು ಮತ್ತೆ ಜಾಹೀರಾತಿಗೆ ಸರಾಸರಿ 30. ಕೈಗೆ 220. ಅಂದ್ರೆ 399ಕ್ಕೆ ಮಾರಿ 230ರ ಹೋಲ್‌ಸೇಲಿಗಿಂತ ಹತ್ತು ರೂಪಾಯಿ ಕಮ್ಮಿ! ಆ 130ರ ಮೇಲೆ ಅವ್ರು ಹಾಕೋ 18 ಪರ್ಸೆಂಟ್ ಜಿಎಸ್‌ಟಿ 23 ರೂಪಾಯಿ ಆಗುತ್ತೆ, ನೀವು ಗಿರಾಕಿ ಹತ್ರ ತಗೊಂಡ ಜಿಎಸ್‌ಟಿ 19, ಮಿಕ್ಕ 4 ರೂಪಾಯಿ ಕ್ರೆಡಿಟ್ (ಮುಂದೆ ಕಟ್ಟೋ ತೆರಿಗೆಯಲ್ಲಿ ಕಳ್ಕೊಳ್ಳೋ ದುಡ್ಡು) ಅಂತ ಪೋರ್ಟಲಲ್ಲಿ ಕೂತಿರುತ್ತೆ. ಜೊತೆಗೆ ಪ್ಲಾಟ್‌ಫಾರ್ಮಿನವ್ರು ಟಿಸಿಎಸ್ (ಮಾರಾಟದ ದುಡ್ಡಲ್ಲೇ ಮುಂಚೆ ಹಿಡಿಯೋ ತೆರಿಗೆ) ಅಂತ ಅರ್ಧ ಪರ್ಸೆಂಟ್ ಹಿಡೀತಾರೆ, 2024ರ ಜುಲೈ 10ಕ್ಕೆ ಮುಂಚೆ ಒಂದು ಪರ್ಸೆಂಟ್ ಇತ್ತು, ಅದು ನಿಮ್ಮ ಲೆಡ್ಜರಿಗೆ ವಾಪಸ್ ಬರುತ್ತೆ ಅನ್ನಿ. ಆನ್‌ಲೈನ್ ಹಂಗಾದ್ರೆ ಯಾಕೆ ಅಂದ್ರೆ, ದುಡ್ಡು ವಾರ ಎರಡು ವಾರದಲ್ಲಿ ಅಕೌಂಟಿಗೆ ಬೀಳುತ್ತೆ, ನವೆಂಬರ್ ತನಕ ಕಾಯೋ ಹಾಗಿಲ್ಲ. ಹತ್ತು ರೂಪಾಯಿ ಬಿಟ್ಟು ಎರಡು ತಿಂಗಳು ಕೊಂಡ್ಕೊಂಡ ಹಾಗೆ.

ಎಕ್ಸಿಬಿಷನ್ ಸ್ಟಾಲ್ ಇನ್ನೊಂದು ತರ. 350ಕ್ಕೆ ಮಾರ್ತೀರ, ಜಿಎಸ್‌ಟಿ ತೆಗೆದ್ರೆ 333, ದುಡ್ಡು ಅಲ್ಲೇ ಯುಪಿಐನಲ್ಲಿ. ಆದ್ರೆ ಸ್ಟಾಲ್ ಬಾಡಿಗೆ 20,000, ಗಾಡಿ ಊಟ ರೂಮು 15,000 ಅಂತಿಟ್ಕೊಂಡ್ರೆ ಅದು ಮಾರಿದ್ರೂ ಹೋಗುತ್ತೆ, ಮಾರದೇ ಇದ್ರೂ ಹೋಗುತ್ತೆ. 300 ಸೆಟ್ ಹೋದ್ರೆ ಸೆಟ್ಟಿಗೆ 117 ಖರ್ಚು, ಉಳಿಯೋದು 216. 150 ಮಾತ್ರ ಹೋದ್ರೆ ಉಳಿಯೋದು 100, ಮಾಡಿದ ಖರ್ಚೇ 150. ಎಲ್ಲಿ ದಡ ಸಿಗುತ್ತೆ ಅಂದ್ರೆ 333ರಲ್ಲಿ 150 ಕಳೆದು ಬಂದ 183ರಿಂದ 35,000 ಭಾಗ್ಸಿ, 192 ಸೆಟ್ಟು. ಸ್ಟಾಲ್ ಬುಕ್ ಮಾಡೋ ಮುಂಚೆ ಈ ಒಂದು ಭಾಗಾಕಾರ ಮಾಡಿ, ನಾಲ್ಕು ಸಾಲು ಇಂಗ್ಲಿಷ್ ಬ್ರೋಷರ್ ಓದೋದಕ್ಕಿಂತ ಉಪಯೋಗ. ಸ್ಟಾಲಲ್ಲಿ ಸಿಗೋ ಹೋಲ್‌ಸೇಲ್ ಗಿರಾಕಿಗಳ ವಿಸಿಟಿಂಗ್ ಕಾರ್ಡಿಗೂ ಬೆಲೆ ಇದೆ, ಒಪ್ತೀನಿ, ಆದ್ರೆ ಅದನ್ನ ಮೇಲೆ ಹೇಳಿದ "ಹೊಸಬರ ಬಾಯಿಮಾತು" ಸಾಲಿಗೆ ಹಾಕಿ.

ಸ್ಟಾಲಲ್ಲಿ 300 ಸೆಟ್ ಹೋದ್ರೆ ಮೂರು ಕಡೆಯಿಂದ್ಲೂ ಕೈಗೆ ಬರೋದು 216ರಿಂದ 230ರ ಒಳಗೆ. ವ್ಯತ್ಯಾಸ ಇರೋದು ದಿನದಲ್ಲಿ ಮತ್ತೆ ರಿಸ್ಕಲ್ಲಿ. ಹಾಗಾಗಿ ಮೂರನ್ನೂ ಬೆರೆಸೋದು ಒಳ್ಳೇದು: ಹೋಲ್‌ಸೇಲ್ ಅಡ್ವಾನ್ಸಲ್ಲಿ ಮರ, ಆನ್‌ಲೈನಿಂದ ವಾರದ ಮಜೂರಿ, ಸ್ಟಾಲು ವರ್ಷಕ್ಕೆ ಒಂದೋ ಎರಡೋ, ಅದೂ ಹಬ್ಬದ ಮುಂಚಿನದು.

ಜಿಎಸ್‌ಟಿಯಲ್ಲಿ ಯಾವ ಸಾಲಲ್ಲಿ ನಿಲ್ಲೋದು

ಇದನ್ನ ಬೇಗ ಮುಗಿಸ್ತೀನಿ. ಕರ್ನಾಟಕದಲ್ಲಿ ಸರಕು ಮಾತ್ರ ಮಾರೋರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ. ಬೇರೆ ರಾಜ್ಯಕ್ಕೆ ಕಳ್ಸಿದ್ರೆ ಸಾಮಾನ್ಯವಾಗಿ ಬೇಕೇ ಬೇಕು, ಆದ್ರೆ ಪಟ್ಟಿಯಲ್ಲಿರೋ ಕರಕುಶಲ ವಸ್ತುಗಳಿಗೆ ವಹಿವಾಟು 20 ಲಕ್ಷದವರೆಗೆ ವಿನಾಯ್ತಿ ಇದೆ, ಪ್ಯಾನ್ ಮತ್ತೆ ಇ-ವೇ ಬಿಲ್ (ಮಾಲು ಸಾಗಿಸೋಕೆ ಆನ್‌ಲೈನಲ್ಲಿ ಪಡೆಯೋ ಚೀಟಿ) ಇರ್ಬೇಕು. ಕಾಂಪೊಸಿಷನ್ (ಚಿಕ್ಕ ವ್ಯಾಪಾರಕ್ಕಿರೋ ಸರಳ ತೆರಿಗೆ ಪದ್ಧತಿ) ತಗೊಂಡ್ರೆ ವಹಿವಾಟಿನ ಒಂದು ಪರ್ಸೆಂಟ್ ಕಟ್ಟಿ ಸುಮ್ಮನಿರ್ಬಹುದು, ಒಂದೂವರೆ ಕೋಟಿವರೆಗೆ, ಆದ್ರೆ ಬೇರೆ ರಾಜ್ಯಕ್ಕೆ ಮಾರೋ ಹಾಗಿಲ್ಲ, ಕ್ರೆಡಿಟ್ ಇಲ್ಲ, ನಿಮ್ಮ ಹತ್ರ ಕೊಳ್ಳೋ ಹೋಲ್‌ಸೇಲಿನವ್ರಿಗೂ ಕ್ರೆಡಿಟ್ ಸಿಗಲ್ಲ. ಊರಲ್ಲೇ ಅಂಗಡಿ, ನೇರ ಗಿರಾಕಿ ಅಂದ್ರೆ ಕಾಂಪೊಸಿಷನ್. ಆನ್‌ಲೈನಲ್ಲಿ ದೇಶಾದ್ಯಂತ ಅಥವಾ ಕಂಪನಿಗಳಿಗೆ ಅಂದ್ರೆ ರೆಗ್ಯುಲರ್, ಬೇರೆ ಮಾತಿಲ್ಲ. ರೆಗ್ಯುಲರ್ ಆದ್ರೆ ಆಡಿಟರ್ ಫೀ ತಿಂಗಳ 24,000ದೊಳಗೆ ಸೇರಿಸೋದು ಮರೀಬೇಡಿ.

ಇದರ ಪಕ್ಕದಲ್ಲೇ ಒಂದು ದೊಡ್ಡ ಖರ್ಚು ಅಡಗಿದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರೀಲಿ ನೋಂದಾಯಿಸಿದ ಕಸುಬುದಾರರು ತಾವೇ ಮಾಡಿ ಮಾರೋದಕ್ಕೆ, ಜಿಐ (ಒಂದು ಊರಿನ ವಿಶೇಷ ವಸ್ತು ಅಂತ ಕೊಡೋ ಭೌಗೋಳಿಕ ಗುರುತು) ನೋಂದಣಿ ಇರೋ ಗೊಂಬೆಗಳನ್ನ ಅಧಿಕೃತ ಬಳಕೆದಾರರು ಮಾಡಿ ಮಾರೋದಕ್ಕೆ ವಿನಾಯ್ತಿ ಕೊಟ್ಟಿದ್ದಾರೆ. ಚನ್ನಪಟ್ಟಣ ಗೊಂಬೆಗೆ ಜಿಐ ಇದೆ, ಕೊಪ್ಪಳ ಕಡೆ ಕಿನ್ನಾಳದ ಗೊಂಬೆಗೂ ಇದೆ, ಆದ್ರೆ ಊರಿಗೆ ಜಿಐ ಇದ್ರೆ ಸಾಲದು, ನಿಮ್ಮ ಹೆಸರು ಅಧಿಕೃತ ಬಳಕೆದಾರರ ಪಟ್ಟಿಯಲ್ಲಿ ಇರ್ಬೇಕು, ಇಲ್ಲಾ ಕಸುಬುದಾರರ ಪೆಹಚಾನ್ ಕಾರ್ಡ್ ಇರ್ಬೇಕು. ಮನೇಲಿ ಕ್ರೋಶೆ ಗೊಂಬೆ ಮಾಡಿ ಇನ್‌ಸ್ಟಾಗ್ರಾಮಲ್ಲಿ ಮಾರೋರು ಬಹಳ ಜನ ಇದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಎರಡೂ ಇಲ್ಲ ಅಂದ್ರೆ ಟೆಸ್ಟಿಂಗ್ ಮತ್ತೆ ಲೈಸೆನ್ಸ್ ಖರ್ಚು ಮೊದಲ ವರ್ಷದ ಶೀಟಲ್ಲಿ ಒಂದು ಸಾಲಾಗಿ ಬರ್ಬೇಕು.

ಆ ಆಗಸ್ಟ್ ಕೊರತೆಯ 81,000 ಎಲ್ಲಿಂದ

ಹಳ್ಳ ಎಷ್ಟು ಆಳ, ಯಾವ ತಿಂಗಳು ಅಂತ ಗೊತ್ತಾದ್ಮೇಲೆ ಸಾಲ ಆರಿಸೋದು ಸುಲಭ. ಕಸುಬುದಾರರಿಗೆ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ಕ್ಕೆ ಶುರುವಾಗಿದ್ದು, ಅದರ 18 ಕಸುಬುಗಳಲ್ಲಿ ಸಾಂಪ್ರದಾಯಿಕ ಗೊಂಬೆ ಆಟಿಕೆ ಮಾಡೋರೂ ಇದ್ದಾರೆ. ಮೊದಲ ಕಂತು ಒಂದು ಲಕ್ಷದವರೆಗೆ, 18 ತಿಂಗಳು, ಬಡ್ಡಿ 5 ಪರ್ಸೆಂಟ್, ಅಡಮಾನ ಇಲ್ಲ. ಸಲಕರಣೆಗೆ 15,000 ರೂಪಾಯಿ ಬೇರೆ. ಮನೆಗೆ ಒಬ್ಬರಿಗೆ ಮಾತ್ರ. ಬಡ್ಡಿಯಲ್ಲಿ ಇದನ್ನ ಮೀರ್ಸೋದು ಕಷ್ಟ, ಆದ್ರೆ ಒಂದು ಲಕ್ಷಕ್ಕೆ ಇಎಂಐ ಸುಮಾರು 5,780 ಬರುತ್ತೆ, ಅದು ಅಂಗಡಿಯವ್ರ ನವೆಂಬರಿಗೆ ಕಾಯಲ್ಲ. ಜೂನಲ್ಲಿ ಸಾಲ ತಗೊಂಡು ಜುಲೈಯಿಂದ ಕಟ್ಟಿದ್ರೆ ಅಕ್ಟೋಬರ್ ಕೊನೆಗೆ ನಾಲ್ಕು ಕಂತು, 23,000 ಹೊರಗೆ ಹೋಗಿರುತ್ತೆ, ಹಳ್ಳ ಮತ್ತೆ ಅಷ್ಟು ಆಳ ಆಯ್ತು. ಹಾಗಾಗಿ ಇದು ಲೇತ್, ಮೋಟರ್, ಮರದ ಸ್ಟಾಕ್ ತರದ್ದಕ್ಕೆ ಚೆನ್ನಾಗಿ ಹೊಂದುತ್ತೆ.

ವರ್ಷಾ ವರ್ಷ ಅದೇ ಆಗಸ್ಟ್ ಹಳ್ಳ ಬೀಳೋರು ಮುದ್ರಾ ಸಾಲಾನ ದುಡಿಯೋ ಬಂಡವಾಳದ ಲಿಮಿಟ್ ಆಗಿ ಕೊಡಿ ಅಂತ ಬ್ಯಾಂಕಲ್ಲಿ ಕೇಳ್ಬೇಕು. ಅದರಲ್ಲಿ ಶಿಶು ಅನ್ನೋ ಹಂತ 50,000ವರೆಗೆ, ಕಿಶೋರ್ 5 ಲಕ್ಷದವರೆಗೆ. ಲಿಮಿಟ್ ಆದ್ರೆ ತೆಗೆದಷ್ಟು ದಿನಕ್ಕೆ ತೆಗೆದಷ್ಟು ದುಡ್ಡಿಗೆ ಮಾತ್ರ ಬಡ್ಡಿ, ನವೆಂಬರಲ್ಲಿ ಅಂಗಡಿಯವ್ರ ದುಡ್ಡು ಬಂದ ತಕ್ಷಣ ತುಂಬಿಬಿಡ್ಬಹುದು. ಬಡ್ಡಿ ದರ ವಿಶ್ವಕರ್ಮಕ್ಕಿಂತ ಜಾಸ್ತಿ ಇದ್ರೂ ಮೂರು ತಿಂಗಳ ಹಳ್ಳಕ್ಕೆ ಇದೇ ಸರಿಹೋಗುತ್ತೆ. ಮ್ಯಾನೇಜರ್ ಟರ್ಮ್ ಲೋನ್ (ತಿಂಗಳ ಕಂತಿನ ಸಾಲ) ಕಡೆಗೇ ತಳ್ಳೋಕೆ ನೋಡ್ತಾರೆ, ತಿಂಗಳವಾರು ಶೀಟ್ ಮುಂದಿಟ್ಟು "ಸಾರ್ ನೋಡಿ, ಜುಲೈಯಿಂದ ನವೆಂಬರ್ ಮಾತ್ರ ಬೇಕಾಗಿರೋದು" ಅಂತ ತೋರ್ಸಿ. ವಿಶ್ವಕರ್ಮಕ್ಕೆ ಅರ್ಜಿ ಹಾಕೋ ಯೋಚ್ನೆ ಇದ್ರೆ ಒಂದು ಎಚ್ಚರ: ಕಳೆದ ಐದು ವರ್ಷದಲ್ಲಿ ತಗೊಂಡ ಮುದ್ರಾ ಸಾಲ ಪೂರ್ತಿ ತೀರಿಸಿರ್ಬೇಕು. ಅಂದ್ರೆ ಎರಡೂ ಬೇಕು ಅನ್ನೋರು ಯಾವುದು ಮೊದ್ಲು ಅಂತ ಯೋಚ್ನೆ ಮಾಡಿ ಹೆಜ್ಜೆ ಇಡಿ.

ಪುಸ್ತಕನಾ, ಶೀಟಾ, ಆಪಾ

ಖಾತಾಬುಕ್, ವ್ಯಾಪಾರ್, ಟ್ಯಾಲಿ ಅಂತ ಲೆಕ್ಕ ಬರೆಯೋ ಆಪ್, ಸಾಫ್ಟ್‌ವೇರ್ ಎಲ್ಲಾ ಚೆನ್ನಾಗೇ ಇವೆ, ಆದ್ರೆ ಅವೆಲ್ಲ ಮುಖ್ಯವಾಗಿ ಆಗಿಹೋದದ್ದನ್ನ ಬರೆಯೋಕೆ. ಬಾಕಿ ವಸೂಲಿಗೆ ಮೆಸೇಜ್ ಕಳ್ಸೋಕೆ ಆಪ್, ಬಿಲ್ಲು ಜಿಎಸ್‌ಟಿಗೆ ಟ್ಯಾಲಿ ಅಥವಾ ವ್ಯಾಪಾರ್. ಮುಂದಿನ ಲೆಕ್ಕಕ್ಕೆ ಫೋನಲ್ಲೇ ಇರೋ ಗೂಗಲ್ ಶೀಟ್ ಸಾಕು, ಅದೂ ಬೇಡ ಅಂದ್ರೆ ಉದ್ದ ಗೆರೆ ಪುಸ್ತಕ. ಅಡ್ಡಕ್ಕೆ 12 ತಿಂಗಳು. ಕೆಳಕ್ಕೆ ಸಾಲು: ತಿಂಗಳ ಮೊದಲ ದಿನ ಕೈಯಲ್ಲಿರೋದು, ಅಡ್ವಾನ್ಸ್, ಹಳೇ ಬಾಕಿ ವಸೂಲಿ, ಆನ್‌ಲೈನ್ ಮತ್ತೆ ಸ್ಟಾಲಿಂದ ಬರೋದು, ಆಮೇಲೆ ಮರ, ಅರಗು, ಮಜೂರಿ, ಬಾಕ್ಸು, ತಿಂಗಳ ಖರ್ಚು, ಜಿಎಸ್‌ಟಿ, ಸಾಲದ ಕಂತು, ಕೊನೇಲಿ ತಿಂಗಳ ಕೊನೆ ದಿನ ಉಳಿಯೋದು. ಕೊನೇ ಸಾಲಲ್ಲಿ ಎಲ್ಲೆಲ್ಲಿ ಮೈನಸ್ ಬರುತ್ತೋ ಅಲ್ಲಿ ಕೆಂಪು. ಮಜೂರಿ ವಾರಕ್ಕೊಮ್ಮೆ ಶನಿವಾರ ಬಟವಾಡೆ ಮಾಡೋರು ಹಬ್ಬದ ಮುಂಚಿನ ಮೂರು ತಿಂಗಳನ್ನ ವಾರವಾರವಾಗಿ ಒಡೆದು ಹಾಕ್ಕೊಳ್ಳಿ, ತಿಂಗಳ ಕೊನೆಗೆ ಪ್ಲಸ್ ಕಂಡ್ರೂ ಮಧ್ಯದ ಶನಿವಾರ ಮೈನಸ್ ಇರ್ಬಹುದು.

ಪ್ರತಿ ತಿಂಗಳ ಮೊದಲ ವಾರ ಹಿಂದಿನ ತಿಂಗಳ ಕಾಲಂ ಪಕ್ಕ ನಿಜವಾಗಿ ಏನಾಯ್ತು ಅಂತ ಬೇರೆ ಬಣ್ಣದಲ್ಲಿ ಬರೀರಿ, ಹಳೇ ಅಂದಾಜು ಅಳಿಸ್ಬೇಡಿ. ಯಾವ ಸಾಲು ಯಾವಾಗ್ಲೂ ತಪ್ಪುತ್ತೆ ಅಂತ ಎರಡು ಮೂರು ತಿಂಗಳಲ್ಲೇ ಕಾಣೋಕೆ ಶುರುವಾಗುತ್ತೆ, ನಾನು ನೋಡಿರೋ ಶೀಟುಗಳಲ್ಲಿ ಮಾರಾಟದ ಸಾಲಿಗಿಂತ "ಹಳೇ ಬಾಕಿ ವಸೂಲಿ" ಸಾಲೇ ಜಾಸ್ತಿ ತಪ್ಪೋದು, ಆ ಸಾಲನ್ನ ಅಂಗಡಿ ಅಂಗಡಿಯಾಗಿ ಒಡೆದು ಬರೆದ್ರೆ ಯಾರಿಗೆ ಮುಂದಿನ ಸಲ ಅಡ್ವಾನ್ಸ್ ಇಲ್ಲದೇ ಮಾಲು ಕೊಡ್ಬಾರ್ದು ಅನ್ನೋ ಪಟ್ಟೀನೂ ಅಲ್ಲೇ ಸಿಗುತ್ತೆ.